ಬಾಲದ ಸೊನ್ನೆ

ಭಾವನ ಲೆಕ್ಕ ತಪ್ಪುವುದಿಲ್ಲ ಎಂಬುದು ಆ ಮನೆಯಲ್ಲಿ ಗೋಡೆಗಿಂತ ಗಟ್ಟಿಯಾದ ಮಾತು. ಗೋಡೆಯಲ್ಲಾದರೂ ಎರಡು ಬಿರುಕುಗಳಿದ್ದವು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದ ಆತ ಹೆಂಡತಿಯೊಂದಿಗೆ ಮಹಡಿಯ ಮೇಲಿದ್ದ. ಕೆಳಗೆ ಅವನ ಅತ್ತೆ, ಮತ್ತು ಬಟ್ಟೆ ಹೊಲಿದು ಮನೆ ನಡೆಸುವ ನಾದಿನಿ. ಈ ನಾದಿನಿ ಒಂದು ಕಾಲದಲ್ಲಿ ಅವನ ಹತ್ತಿರವೇ ಪಾಠ ಹೇಳಿಸಿಕೊಂಡು ಗಣಿತದಲ್ಲಿ ಎರಡು ಸಲ ಫೇಲಾದವಳು. ಅದರಲ್ಲಿ ಮೇಷ್ಟ್ರ ಪಾಲೂ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಹೆತ್ತ ತಾಯಿಯೇ ಅವಳನ್ನು ‘ದಡ್ಡಿ’ ಎಂದು ಮುದ್ದಾಗಿ ಕರೆಯುತ್ತಿದ್ದಳು.

ಕೆಲಸವಿಲ್ಲದ ಭಾವನಿಗೆ ಈಗ ಮೀನು ಸಾಕುವ ಹುಚ್ಚು ಹತ್ತಿತ್ತು. ಅಂಥಿಂಥ ತೊಟ್ಟಿ ಅವನ ಘನತೆಗೆ ಸಾಲದು. ಒಂದೂವರೆ ಮೀಟರ್ ಉದ್ದ, 1.2 ಅಗಲ, 0.9 ಎತ್ತರದ ಗಾಜಿನ ತೊಟ್ಟಿ ಮಾಡಿಸಿ, ನಾಲ್ಕು ಜನರಿಂದ ಮಹಡಿಗೆ ಹೊರಿಸಿದ. ಮಹಡಿಯೆಂದರೆ ಹಳೆಯ ಮರದ ತೊಲೆ, ಅದರ ಮೇಲೆ ಹಲಗೆ. ತೊಟ್ಟಿ ಕೂತ ಜಾಗದ ನೇರ ಕೆಳಗೆ, ಸೊಂಟದ ಮೂಳೆ ಮುರಿದುಕೊಂಡ ನಾದಿನಿಯ ಅಮ್ಮ ಮಲಗಿದ್ದಳು. ಆರು ವಾರ ತಾನಾಗಿ ಏಳುವಂತಿರಲಿಲ್ಲ, ಮಂಚ ಸರಿಸಬೇಕೆಂದರೆ ಇಬ್ಬರು ಬೇಕು.

“ಭಾವ, ನೀರಿನ ಭಾರ ಎಷ್ಟಾಗುತ್ತೆ?” ಎಂದು ನಾದಿನಿ ಕೇಳಿದಳು.

ಅವನು ಇಂಥ ಪ್ರಶ್ನೆಗೇ ಕಾದವನಂತೆ ಹಾಳೆ ತೆಗೆದ. “ನೋಡು, ಮೊದಲು ಚುಕ್ಕಿಗಳನ್ನೆಲ್ಲ ಮರೆತುಬಿಡು. ಹದಿನೈದು ಹನ್ನೆರಡ್ಲ ನೂರೆಂಬತ್ತು. ಬಾಲದ ಸೊನ್ನೆಗೆ ಬೆಲೆ ಇಲ್ಲ, ಹೊಡೆದು ಹಾಕು. ಹದಿನೆಂಟು. ಹದಿನೆಂಟು ಒಂಬತ್ಲ ನೂರ ಅರವತ್ತೆರಡು. ಮೂರು ಸಂಖ್ಯೆಗೂ ಸೇರಿ ಚುಕ್ಕಿಯ ಮುಂದೆ ಮೂರು ಮನೆ. ಸೊನ್ನೆ ಪಾಯಿಂಟ್ ಒಂದು ಆರು ಎರಡು ಘನ ಮೀಟರ್. ಅಂದ್ರೆ ನೂರ ಅರವತ್ತೆರಡು ಲೀಟರ್. ಲೀಟರಿಗೆ ಒಂದು ಕಿಲೋ. ಇಬ್ಬರು ದಪ್ಪ ನೆಂಟರು ಬಂದು ಕೂತ ಹಾಗೆ, ಅಷ್ಟೇ.”

ನಾದಿನಿ ಫೇಲಾದವಳೇ ಹೌದು, ಆದರೆ ದಿನಬೆಳಗಾದರೆ ಮೀಟರಿನಲ್ಲಿ ಬಟ್ಟೆ ಕತ್ತರಿಸುವವಳು. ಎರಡೂವರೆ ಮೀಟರಿನಂತೆ ನಾಲ್ಕು ಜನಕ್ಕೆ ಬಟ್ಟೆ ತೆಗೆದು, ಬಂದ ಹತ್ತರಲ್ಲಿ ಬೆಲೆಯಿಲ್ಲವೆಂದು ಸೊನ್ನೆ ಹೊಡೆದರೆ ನಾಲ್ವರೂ ಒಂದೇ ಮೀಟರಿನಲ್ಲಿ ಮಾನ ಮುಚ್ಚಿಕೊಳ್ಳಬೇಕು.

“ಸೊನ್ನೆ ಹೊಡೆಯೋದಾದ್ರೆ ಚುಕ್ಕಿ ಇಟ್ಟ ಮೇಲೆ ಹೊಡೀಬೇಕಲ್ವಾ ಭಾವ? ಮೊದಲೇ ಹೊಡೆದ್ರೆ ಒಂದು ಮನೆ ಕಮ್ಮಿ ಆಗುತ್ತೆ. ಅದು ಸಾವಿರದ ಆರುನೂರ ಇಪ್ಪತ್ತು ಲೀಟರ್.”

“ಎರಡು ಸಲ ಫೇಲಾದವಳು ನನಗೆ ಹೇಳಿಕೊಡ್ತಾಳೆ!” ಎಂದು ಭಾವ ನಕ್ಕ.

ಅವಳು ಫೋನಿನಲ್ಲಿ ಗುಣಿಸಿ ತೋರಿಸಿದಳು. ಅವನು ದೂರದಿಂದಲೇ ನೋಡಿ, ಬ್ಯಾಟರಿ ಕಡಿಮೆಯಿರಬೇಕು ಎಂದ. ಹಿಡಿದ ಮೊಲಕ್ಕೆ ಮೂರೇ ಕಾಲು.

“ಹೋಗ್ಲಿ, ಅಮ್ಮನ ಮಂಚ ಆ ಗೋಡೆ ಕಡೆಗೆ ಸರಿಸೋಣ. ಒಂದು ಕೈ ಹಿಡೀರಿ.”

“ಹಿಡಿದ್ರೆ ನನ್ನ ಲೆಕ್ಕ ತಪ್ಪು ಅಂತ ನಾನೇ ಒಪ್ಪಿಕೊಂಡ ಹಾಗೆ!”

ಕೆಳಗಿನಿಂದ ಅಮ್ಮನೂ ಕೂಗಿದಳು. “ಅಳಿಯಂದ್ರು ಹೇಳಿದ ಮೇಲೆ ಮುಗೀತು ಕಣೇ ದಡ್ಡಿ. ನಾನು ಎಲ್ಲಿಗೂ ಬರಲ್ಲ.”

ನಾದಿನಿಗೆ ಅಳು ಬರುವಷ್ಟು ಸಿಟ್ಟು ಬಂತು. ಬಕೆಟ್ ಎತ್ತಿಕೊಂಡು ಬಂದಳು. ಹದಿನೈದು ಲೀಟರಿನ ಬಕೆಟ್, ಭಾವನ ಲೆಕ್ಕದಂತೆ ಹನ್ನೊಂದಕ್ಕೆ ತೊಟ್ಟಿ ತುಂಬಿ ತುಳುಕಬೇಕು. ಹನ್ನೊಂದನೆಯದನ್ನು ಸುರಿದಾಗ ನೀರು ತಳದಿಂದ ಒಂದು ಅಂಗೈ ಅಗಲ ಏರಿತ್ತು. ಆ ನೀರಿಗೆ ಮೀನು ಬಿಟ್ಟಿದ್ದರೆ ಅದರ ಬೆನ್ನಿಗೆ ಬಿಸಿಲು ತಾಗುತ್ತಿತ್ತು.

ಭಾವ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

“ಬಕೆಟ್ ಚಿಕ್ಕದು,” ಎಂದ.

ನಲ್ಲಿಗೆ ಪೈಪು ಸಿಕ್ಕಿಸಿದ. ಸಂಜೆ ಹೆಂಡತಿ ಮೀನು ತರುವಷ್ಟರಲ್ಲಿ ತೊಟ್ಟಿ ತುಂಬಿರಲೇಬೇಕಂತೆ.

“ಭಾವ, ಕೆಳಗೆ ಅಮ್ಮ ಇದಾಳೆ.”

“ಇದ್ರೇನು? ಬೇಕಾದ್ರೆ ನಾನೇ ಹೋಗಿ ಅವರ ಪಕ್ಕ ಕೂರ್ತೀನಿ. ನೀನೇ ನೀರು ಬಿಡು. ತುಂಬೋವರೆಗೆ ಅಲ್ಲಿಂದ ಏಳಲ್ಲ, ಸರಿನಾ?”

“ಸರಿ,” ಎಂದಳು ಅವಳು.

ಅವನು ಪತ್ರಿಕೆ ಹಿಡಿದು ಇಳಿದುಹೋದ. ಹಲಗೆಗಳ ಸಂದಿಯಿಂದ ಅವಳಿಗೆ ಕೆಳಗಿನದೆಲ್ಲ ಕಾಣುತ್ತಿತ್ತು. ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಭಾವ, ಅಳಿಯ ತಾನಾಗಿ ಬಂದು ಪಕ್ಕ ಕೂತನೆಂದು ಮುಖವರಳಿಸಿ ಮಲಗಿದ ಅಮ್ಮ. ಅವಳು ನಲ್ಲಿ ತಿರುಗಿಸಲೇ ಇಲ್ಲ. ಒಂದು ಹಲಗೆ ಆರಿಸಿಕೊಂಡು ಹಿಮ್ಮಡಿಯಲ್ಲಿ ಬಲವಾಗಿ ಕುಟ್ಟಿದಳು. ತೊಲೆ ಕಿರ್ರೆಂದಿತು. ಪತ್ರಿಕೆಯ ಮೇಲೆ ಧೂಳು ಉದುರಿತು. ಭಾವ ಮೇಲೆ ನೋಡಿದ. ಅವನ ತುಟಿಗಳು ಅಲ್ಲಾಡುತ್ತಿದ್ದವು, ಹದಿನೈದು ಹನ್ನೆರಡ್ಲ ಎನ್ನುತ್ತಿದ್ದನೋ ಏನೋ. ಅವಳು ಎರಡೂ ಕಾಲೆತ್ತಿ ಹಾರಿ ಕುಟ್ಟಿದಳು.

ಕುರ್ಚಿ ಮಗುಚಿ ಬಿತ್ತು. ಮೂವತ್ತು ವರ್ಷದ ಗಣಿತ ಕಾಲಿಗೆ ಬುದ್ಧಿ ಹೇಳಿ, ಒಂದು ಚಪ್ಪಲಿ ಬಿಟ್ಟು ಬೀದಿ ಸೇರಿತು.

ನಗು ತಡೆಯಲಾರದೆ ಅವಳು ಮೆಟ್ಟಿಲಿಳಿದು ಬಂದಳು. ಕಿಟಕಿಯಾಚೆಯಿಂದ ಭಾವನ ದನಿ ಕೇಳುತ್ತಿತ್ತು. “ನೀರು ನಿಲ್ಲಿಸು! ಒಂದು ಸೊನ್ನೆ ಬಿಟ್ಟುಹೋಗಿದೆ! ನಾನು ಆಗಲೇ ಹೇಳಬೇಕು ಅಂತಿದ್ದೆ!” ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅಮ್ಮ ಹೊದಿಕೆಯನ್ನು ಎರಡೂ ಕೈಯಲ್ಲಿ ಗಲ್ಲದವರೆಗೆ ಎಳೆದು ಹಿಡಿದಿದ್ದಳು. ಕಣ್ಣು ಸೂರಿನ ಮೇಲಿತ್ತು. ನಾದಿನಿಯ ನಗು ಅಲ್ಲೇ ನಿಂತಿತು.

“ನೀರು ಬಿಟ್ಟಿಲ್ಲಮ್ಮ. ಕುಟ್ಟಿದ್ದು ನಾನೇ. ಹೆದರಿದೆಯಾ?”

“ಅತ್ತೆ ಅಂತ ಒಂದು ಸಲ ಕೂಗಲೂ ಇಲ್ಲ ಕಣೇ,” ಎಂದಳು ಅಮ್ಮ.

ಅವಳು ಅಮ್ಮನ ಹಣೆಯ ಮೇಲಿನ ಧೂಳು ಒರೆಸಿದಳು. “ಮಂಚ ಸರಿಸೋಣಮ್ಮ. ಭಾವನ್ನ ಕರೀತೀನಿ.”

“ಅವರು ಬೇಡ. ಪಕ್ಕದ ಮನೆಯವರು ಯಾರಾದ್ರೂ ಇದಾರಾ, ನೋಡು,” ಎಂದಳು ಅಮ್ಮ.