ಹನ್ನೊಂದನೇ ಕೋಣೆಯ ಹಂಚು

ಲೈಲಾಳ ನೋಟ್ ಪುಸ್ತಕದಲ್ಲಿ ಆ ವಾಕ್ಯ ನೀಲಿ ಶಾಯಿಯಲ್ಲಿ, ಒಂದೂ ತಪ್ಪಿಲ್ಲದೆ ಇತ್ತು: "1978ರ ಜೂನ್ ತಿಂಗಳಲ್ಲಿ ಬೆಂಕಿ ಮೇಸ್ತ್ರಿಯ ಅಜಾಗರೂಕತೆಯಿಂದ ಒಂಬತ್ತು ಸಾವಿರ ಹಂಚುಗಳು ಒಡೆದುಹೋದವು. ಎರಡು ತಿಂಗಳಲ್ಲಿ ಕಾರ್ಖಾನೆ ಮುಚ್ಚಿತು."

ಏಳನೇ ಕ್ಲಾಸಿನ ಮಕ್ಕಳನ್ನು ಕಾವೂರಿನ ಶಾಲೆಯವರು ಬೋಳೂರಿನ ಹಳೇ ಹಂಚಿನ ಕಾರ್ಖಾನೆಯಲ್ಲಿ ಆದ ಹೊಸ ಕಲಾಕೇಂದ್ರ ತೋರಿಸಲು ಕರೆದುಕೊಂಡು ಹೋಗಿದ್ದರು. ಗೋಡೆಯ ಬೋರ್ಡುಗಳಲ್ಲಿ ಇದ್ದದ್ದನ್ನು ಬರೆದುಕೊಂಡು ಬನ್ನಿ, ಪ್ರಬಂಧಕ್ಕೆ ಬೇಕಾಗುತ್ತದೆ ಎಂದು ಟೀಚರ್ ಹೇಳಿದ್ದರು. ಹುಡುಗಿ ಏಳು ಬೋರ್ಡುಗಳನ್ನೂ ಬಿಡದೆ ಬರೆದುಕೊಂಡು ಬಂದಿದ್ದಳು.

"ಅಜ್ಜ, ಈ ಬೆಂಕಿ ಮೇಸ್ತ್ರಿ ಯಾರು? ನೀವು ಅಲ್ಲೇ ಕೆಲಸಕ್ಕೆ ಇದ್ದದ್ದಲ್ವಾ? ನಿಮಗೆ ಗೊತ್ತಿರ್ಬೇಕು."

"ಗೊತ್ತುಂಟು" ಎಂದ ನೋಣಯ್ಯ.

"ಅವ ಕುಡೀತಿದ್ನಾ? ನಮ್ಮ ಟೀಚರ್ ಹೇಳಿದ್ರು, ಕುಡಿದು ಮಲಗಿರ್ಬೇಕು ಅಂತ."

ಮೂಲೆಯಲ್ಲಿ ಬೀಡಿ ಕಟ್ಟುತ್ತಿದ್ದ ಬಾಗಿಯ ಕೈ ನಿಂತಿತು. ಅವಳು ಗಂಡನ ಮುಖ ನೋಡಲಿಲ್ಲ. ಮೊಮ್ಮಗಳಿಗೆ, "ನೀನು ಹೋಗಿ ಕೈಕಾಲು ತೊಳೆ" ಎಂದಳು.

ಹುಡುಗಿ ಒಳಗೆ ಹೋದ ಮೇಲೆ ನೋಣಯ್ಯ, "ನಾಳೆ ಹೋಗಿ ಅದನ್ನು ಅಳಿಸ್ಲಿಕ್ಕೆ ಹೇಳ್ತೇನೆ" ಎಂದ.

"ಎಂಟು ವರ್ಷದ ಹಿಂದೆ ಇದನ್ನೇ ಬರೆದು ಗೇಟಿಗೆ ಅಂಟಿಸಿದ್ದು ಕಾಗದ. ಮಳೆಗೆ ಹೋಯ್ತು. ಇದು ಪೈಂಟು" ಎಂದಳು ಬಾಗಿ. "ಆಗ ಬಾಯಿ ಬಿಡದವರು ಈಗ ಎಂತ ಹೇಳ್ತೀರಿ?"

"ದುಗ್ಗಪ್ಪ ಅಲ್ಲೇ ವಾಚ್‌ಮನ್ ಇದ್ದಾನಲ್ಲ. ಅವತ್ತು ಅವ ಎಲ್ಲ ಕೇಳಿದ್ದಾನೆ. ಅವ ಹೇಳಿದ್ರೆ ಸಾಕು."

ಬೋಳೂರಿನ ನದಿ ದಂಡೆಯ ಗುಣವತಿ ಟೈಲ್ ವರ್ಕ್ಸ್‌ನಲ್ಲಿ ನೋಣಯ್ಯ ಇಪ್ಪತ್ತೊಂದು ವರ್ಷ ಭಟ್ಟಿಯ ಬೆಂಕಿ ನೋಡಿಕೊಳ್ಳುವ ಬೆಂಕಿ ಮೇಸ್ತ್ರಿಯಾಗಿದ್ದ. ಕಾರ್ಖಾನೆ ಮುಚ್ಚಿದಾಗ ಅಲ್ಲಿ ಇನ್ನೂರ ನಲವತ್ತು ಮಂದಿ ಕೆಲಸಕ್ಕಿದ್ದರು, ಅರ್ಧಕ್ಕರ್ಧ ಹೆಂಗಸರು. ಅವರಲ್ಲಿ ಹೆಚ್ಚಿನವರ ಮನೆ ಸುತ್ತಮುತ್ತಲೇ. ಗೇಟಿನ ನೋಟೀಸು ಓದಿದ ಮೇಲೆ ರೇಶನ್ ಅಂಗಡಿಯ ಸಾಲಿನಲ್ಲಿ ಬಾಗಿಯ ಹಿಂದೆ ಯಾರೂ ನಿಲ್ಲುತ್ತಿರಲಿಲ್ಲ. "ನಮ್ಮ ಅನ್ನಕ್ಕೆ ಬೆಂಕಿ ಹಾಕಿದವನ ಹೆಂಡತಿ" ಎಂದು ಮುಖದೆದುರೇ ಹೇಳಿದವರಿದ್ದರು. ಅದೇ ವರ್ಷ ದೀಪಾವಳಿಗೆ ಮೊದಲು ಅವರು ಬೋಳೂರು ಬಿಟ್ಟು ಕಾವೂರಿಗೆ, ಬಾಗಿಯ ತಮ್ಮನ ಜಾಗಕ್ಕೆ ಬಂದರು. ಆಮೇಲೆ ಹುಟ್ಟೂರಿನ ಕಡೆ ನೋಣಯ್ಯ ತಲೆ ಹಾಕಿರಲಿಲ್ಲ. ಕಳೆದ ವರ್ಷ ಕಾಲೇಜಿನ ಹುಡುಗಿಯೊಬ್ಬಳು ಟೇಪ್ ರೆಕಾರ್ಡರ್ ಹಿಡಿದುಕೊಂಡು ಕಾವೂರಿಗೇ ಬಂದು, ಹಳೇ ಹಂಚಿನ ಕೆಲಸದ ವಿಷಯ ಕೇಳಿಕೊಂಡು ಹೋಗಿದ್ದಳು. ಅಷ್ಟೆ.

ಮರುದಿನ, 1986ರ ಡಿಸೆಂಬರಿನ ಒಂದು ಶನಿವಾರ, ಅವನು ಒಗೆದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಲೇಡಿಹಿಲ್‌ನಲ್ಲಿ ಇಳಿದು ನಡೆದ. ದಾರಿಯಲ್ಲಿ ಎಣಿಸುತ್ತ ಹೋದ: ಮೊದಲು ಆ ದಂಡೆಯಲ್ಲಿ ಹೊಗೆ ಬಿಡುತ್ತಿದ್ದ ಮೂರು ಚಿಮಿಣಿಗಳಲ್ಲಿ ಎರಡು ಇರಲೇ ಇಲ್ಲ. ಒಂದರ ಬುಡದಲ್ಲಿ ಫ್ಲ್ಯಾಟು ಏಳುತ್ತಿತ್ತು, ಟೆರೇಸಿನದು, ಹಂಚಿಲ್ಲದ್ದು. ಗುಣವತಿಯ ಚಿಮಿಣಿ ಮಾತ್ರ ನಿಂತಿತ್ತು. ಅದಕ್ಕೆ ಕೆಂಪು ಬಿಳಿ ಪಟ್ಟೆ ಬಳಿದಿದ್ದರು.

ಗೇಟಿನಲ್ಲಿ ಒಂದು ರೂಪಾಯಿ ಟಿಕೆಟು. ಹಸಿ ಹಂಚು ಒಣಗಿಸುತ್ತಿದ್ದ ಉದ್ದದ ಶೆಡ್ಡಿನಲ್ಲಿ ಈಗ ವೇದಿಕೆ, ಮುಂದೆ ಮುನ್ನೂರು ಕಬ್ಬಿಣದ ಕುರ್ಚಿ. ಸಂಜೆ ಯಕ್ಷಗಾನ ಎಂದು ಹಲಗೆಯಲ್ಲಿ ಬರೆದಿತ್ತು. ಮಣ್ಣು ಅರೆಯುವ ಯಂತ್ರಕ್ಕೆ ಬೆಳ್ಳಿ ಬಣ್ಣ ಹೊಡೆದು ಸುತ್ತ ಹಗ್ಗ ಕಟ್ಟಿದ್ದರು. ಅದರ ಹಲ್ಲಿಗೆ ಸಿಕ್ಕಿ, ಮಣ್ಣು ಹಾಕುತ್ತಿದ್ದ ಮುದ್ದುವಿನ ಎರಡು ಬೆರಳು ಹೋದದ್ದು 1969ರಲ್ಲಿ. ಅದು ಯಾವ ಬೋರ್ಡಿನಲ್ಲೂ ಇರಲಿಲ್ಲ. ಭಟ್ಟಿಯ ಬಾಗಿಲಲ್ಲಿ ಬಗ್ಗಿ ನೋಡಿದ. ಒಳಗೆ ಸೌದೆ ಒಟ್ಟಿ, ನಡುವೆ ಕೆಂಪು ಬಲ್ಬು ಹಾಕಿದ್ದರು. ಸೌದೆ ಹಲಸಿನದ್ದು. ಹಲಸಿನ ಸೌದೆಯಲ್ಲಿ ಹಂಚು ಸುಟ್ಟವರನ್ನು ಅವನು ನೋಡಿರಲಿಲ್ಲ.

ಐದನೇ ಬೋರ್ಡಿನ ಎದುರು ನಿಂತು ಆ ವಾಕ್ಯ ಓದಿದ. ಮೊಮ್ಮಗಳು ಸರಿಯಾಗಿಯೇ ಬರೆದುಕೊಂಡಿದ್ದಳು.

ಆಫೀಸಿನಲ್ಲಿ ಶಶಿಪ್ರಭಾ ಇದ್ದರು. ಕಾರ್ಖಾನೆಯ ಧಣಿ ಲೋಕನಾಥ ಶೆಟ್ಟರ ಸೊಸೆ. ಶೆಟ್ಟರು ತೀರಿಕೊಂಡು ಐದು ವರ್ಷವಾಗಿತ್ತು, ಮಗನಿಗೆ ಬೊಂಬಾಯಿಯಲ್ಲಿ ಹೋಟೆಲು. ಜಾಗ ಮಾರುವುದು ಬೇಡ, ಊರಿಗೊಂದು ಕಲಾಕೇಂದ್ರ ಆಗಲಿ ಎಂದು ಹಟ ಹಿಡಿದು ನಿಂತವರು ಈ ಸೊಸೆಯೇ.

"ಓ, ನೋಣಯ್ಯ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಆ ಕಾಲೇಜಿನ ಹುಡುಗಿ ತಂದುಕೊಟ್ಟ ನಿಮ್ಮ ಟೇಪನ್ನು ಮೂರು ಸಲ ಕೇಳಿದ್ದೇನೆ ನಾನು" ಎಂದರು. ಚಾ ತರಿಸಿದರು.

ಅವನು ಕುರ್ಚಿಯ ಅಂಚಿನಲ್ಲಿ ಕೂತ. "ಅಮ್ಮ, ಬೋರ್ಡಿನಲ್ಲಿ ಒಂದು ಸುಳ್ಳು ಉಂಟು."

"ಯಾವುದು ಹೇಳಿ. ತಪ್ಪಿದ್ರೆ ಇವತ್ತೇ ತಿದ್ದಿಸ್ತೇನೆ." ಅವರು ಪೆನ್ನು ತೆಗೆದುಕೊಂಡರು.

ಅವನು ಹೇಳಿದ. ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದಿದ್ದ, ಆದ್ದರಿಂದ ತಡವರಿಸಲಿಲ್ಲ. ಭಟ್ಟಿಯಲ್ಲಿ ಸುತ್ತ ಹದಿನಾರು ಕೋಣೆ. ಬೆಂಕಿ ಆರುವುದಿಲ್ಲ, ಕೋಣೆಯಿಂದ ಕೋಣೆಗೆ ಮುಂದೆ ಹೋಗುತ್ತದೆ. ಸೌದೆ ಹಾಕುವುದು ಭಟ್ಟಿಯ ಮೇಲೆ ನಿಂತು, ತೂತುಗಳಿಂದ ಕೆಳಗೆ. ಮಳೆಗಾಲದಲ್ಲಿ ಹಸಿ ಹಂಚು ಹನ್ನೆರಡು ದಿವಸ ಒಣಗಬೇಕು. ಕೋಣೆಗೆ ತುಂಬಿದ ಮೇಲೂ ಎರಡು ದಿವಸ ಬರೀ ಹೊಗೆ ಕೊಡಬೇಕು. ಇಲ್ಲದಿದ್ದರೆ ಒಳಗಿನ ನೀರು ಆವಿಯಾಗಿ ಹಂಚು ಸಿಡಿಯುತ್ತದೆ. ಜೂನ್ 9, ಶುಕ್ರವಾರ, ಹನ್ನೊಂದನೇ ಕೋಣೆಗೆ ತುಂಬಿದ್ದು ಐದೇ ದಿವಸ ಒಣಗಿದ ಹಂಚು. ಇನ್ನೆರಡು ದಿವಸ ಹೊಗೆಯಲ್ಲೇ ಇರಲಿ ಎಂದು ಅವನು ಹೇಳಿದ್ದ. ಲೋಕನಾಥ ಶೆಟ್ಟರು ಭಟ್ಟಿಯ ಮೇಲೆ ಬಂದು, ಸೋಮವಾರ ಮಾಲು ಬಂದರಿಗೆ ಹೋಗಬೇಕು, ಬೆಂಕಿ ಹನ್ನೊಂದಕ್ಕೆ ಮುಂದೆ ತೆಗೆ, ನಾನಿದ್ದೇನೆ ಎಂದರು. ತೆಗೆದ. ಮಧ್ಯಾಹ್ನದೊಳಗೆ ಒಳಗಿನಿಂದ ಪಟಪಟ ಸದ್ದು ಬಂತು.

ಶಶಿಪ್ರಭಾ ಬರೆಯುವುದನ್ನು ನಡುವೆಯೇ ನಿಲ್ಲಿಸಿದ್ದರು. ಕಪಾಟಿನಿಂದ ಒಂದು ಫೈಲು ತೆಗೆದು, ಟೈಪ್ ಮಾಡಿದ ಹಾಳೆಯೊಂದನ್ನು ಹುಡುಕಿದರು.

"ಇದು ನೀವೇ ಹೇಳಿದ್ದು. ಓದ್ತೇನೆ, ಕೇಳಿ. 'ಭಟ್ಟಿಯ ಮೇಲೆ ಚಪ್ಪಲಿ ಹಾಕ್ಲಿಕ್ಕಿಲ್ಲ, ಬೆಂಕಿ ಮೇಸ್ತ್ರಿಯ ಮಾತಿಗೆ ಎದುರು ಮಾತಿಲ್ಲ. ಧಣಿಗಳು ಕೂಡ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ಬರ್ಬಹುದಾ ನೋಣಯ್ಯ ಅಂತ ಕೇಳಿಯೇ ಬರುದು. ಇಪ್ಪತ್ತೊಂದು ವರ್ಷದಲ್ಲಿ ಭಟ್ಟಿಯ ಮೇಲೆ ನಿಂತು ನನಗೆ ಯಾರೂ ಹುಕುಂ ಕೊಟ್ಟದ್ದಿಲ್ಲ.'" ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. "ಎಷ್ಟು ಚಂದದ ಕ್ರಮ ಅಂತ ಮೂರನೇ ಬೋರ್ಡಿಗೆ ಇದನ್ನೇ ಹಾಕಿದ್ದು. ಈಗ ಹುಕುಂ ಕೊಟ್ರು ಅಂತೀರಿ. ನಾನು ಯಾವುದನ್ನು ನಂಬುದು?"

ನೋಣಯ್ಯನಿಗೆ ಟೇಪ್ ರೆಕಾರ್ಡರಿನ ಚಕ್ರ ತಿರುಗುತ್ತಿದ್ದದ್ದು ನೆನಪಾಯಿತು. ಎಷ್ಟೋ ವರ್ಷಗಳ ಮೇಲೆ ಒಬ್ಬರು ಅವನ ಕೆಲಸದ ಬಗ್ಗೆ ಕೇಳಿದ್ದರು. ಹೇಳುತ್ತ ಹೇಳುತ್ತ ಬೆನ್ನು ನೆಟ್ಟಗಾಗಿತ್ತು. ಆ ಒಂದು ಶುಕ್ರವಾರವನ್ನು ಬಿಟ್ಟು ಎಂದು ಸೇರಿಸಲು ಆಗ ನಾಲಗೆ ಬರಲಿಲ್ಲ.

"ಎರಡೂ ಹೌದು ಅಮ್ಮ."

"ಹಾಗೆ ಬೋರ್ಡಿನಲ್ಲಿ ಬರೀಲಿಕ್ಕೆ ಆಗ್ತದಾ? ಮಾವ ಇಲ್ಲ ಈಗ, ಉತ್ತರ ಕೊಡ್ಲಿಕ್ಕೆ. ಕೇಳಿದವರು ಯಾರಾದ್ರೂ ಇದ್ದಾರಾ?"

"ದುಗ್ಗಪ್ಪ. ಸೌದೆ ಹಾಕುವವ ಅವನೇ. ನನ್ನ ಹಿಂದೆ ನಿಂತಿದ್ದ."

ದುಗ್ಗಪ್ಪನನ್ನು ಕರೆಸಿದರು. ಖಾಕಿ ಅಂಗಿ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ನೋಣಯ್ಯನನ್ನು ನೋಡಿ ಅವನ ಮುಖ ಅರಳಿತು, ಪ್ರಶ್ನೆ ಕೇಳಿದ ಕೂಡಲೇ ಬಾಡಿತು. ಅವನು ನೆಲದ ಕಡೆ ನೋಡಿದ.

"ತುಂಬ ವರ್ಷ ಆಯ್ತಲ್ಲ ಮೇಡಂ. ಅವತ್ತು ಮಳೆ ಜೋರಿತ್ತು. ಮಾಡಿನ ಮೇಲೆ ನೀರು ಬೀಳುವ ಸದ್ದಿಗೆ ಯಾರು ಎಂತ ಹೇಳಿದ್ರು ಅಂತ..."

"ಕೇಳ್ಲಿಲ್ಲ?"

"ಇಲ್ಲ ಮೇಡಂ."

ಶಶಿಪ್ರಭಾ ಕನ್ನಡಕ ತೆಗೆದು ಒರೆಸಿದರು. ದನಿ ಮೆತ್ತಗಿತ್ತು. "ನೋಡಿ, ನಿಮ್ಮ ಹೆಸರು ನಾವು ಎಲ್ಲಿಯೂ ಹಾಕ್ಲಿಲ್ಲ. ಬೇಕಾದ್ರೆ ಮೂರನೇ ಬೋರ್ಡಿನ ಹತ್ತಿರ ನಿಮ್ಮದೊಂದು ಫೋಟೋ ಇಡುವ. ಕೆಳಗೆ, ಬೆಂಕಿ ಮೇಸ್ತ್ರಿ ನೋಣಯ್ಯ, 1957 ರಿಂದ 1978, ಅಂತ. ಮರ್ಯಾದೆ ಅಲ್ವಾ ಅದು?"

ಮೂರನೇ ಬೋರ್ಡು ಓದಿದವರು ಐದನೆಯದನ್ನೂ ಓದುತ್ತಾರೆ, ಹೆಸರು ಅಲ್ಲಿಗೂ ಹೋಗುತ್ತದೆ. ಇದು ಶಶಿಪ್ರಭಾರಿಗೆ ಹೊಳೆದಿತ್ತೋ ಇಲ್ಲವೋ, ನೋಣಯ್ಯನಿಗೆ ಗೊತ್ತಾಗಲಿಲ್ಲ.

"ಹೆಸರು ಬೇಡ ಅಮ್ಮ" ಎಂದ. ಕೈಮುಗಿದ. "ದಯಮಾಡಿ ಹೆಸರು ಹಾಕ್ಬೇಡಿ."

ಸುಳ್ಳನ್ನು ಅಳಿಸಲು ಬಂದವನು ಅದು ಇದ್ದ ಹಾಗೇ ಇರಲಿ ಎಂದು ಬೇಡಿಕೊಂಡು ಹೊರಗೆ ಬಂದ.

ಭಟ್ಟಿಯ ಮೆಟ್ಟಿಲ ಬಳಿ ದುಗ್ಗಪ್ಪ ಹಿಂದಿನಿಂದ ಬಂದು ಸೇರಿಕೊಂಡ. ನೋಣಯ್ಯ ತಿರುಗಿ ನಿಂತ.

"ಬೈದು ಬಿಡು ಮಾರಾಯ, ಒಮ್ಮೆ" ಎಂದ ದುಗ್ಗಪ್ಪ. "ಹಾಗೆ ಸುಮ್ಮನೆ ನಿಲ್ಬೇಡ."

"ನಿನಗೆ ಕೇಳಿತ್ತು."

"ಕೇಳದೆ ಎಂತ? ಮೂರು ಮಾರು ದೂರ ಇದ್ದೆ. ಆರು ವರ್ಷ ಬಂದರಿನಲ್ಲಿ ಮೂಟೆ ಹೊತ್ತು ಸೊಂಟ ಹೋದ ಮೇಲೆ ಸಿಕ್ಕಿದ ಕೆಲಸ ಇದು. ಶೆಟ್ಟರ ಮೇಲೆ ಹೇಳಿ, ಅವರದ್ದೇ ಸೊಸೆಯ ಹತ್ತಿರ ನಾಳೆ ಕೆಲಸಕ್ಕೆ ಬರ್ಲಿಕ್ಕುಂಟಾ?"

"ನನ್ನ ಪುಳ್ಳಿ ಲೈಲಾ ಬರಕೊಂಡು ಬಂದಿದ್ದಾಳೆ ಅದನ್ನು. ನಾನು ಅಂತ ಗೊತ್ತಿಲ್ಲ ಅವಳಿಗೆ. ಒಂದು ಮಾತು ಹೇಳಿದ್ರೆ ಆಗ್ತಿತ್ತು ನೀನು."

"ಎಂತ ಮಾತು?" ದುಗ್ಗಪ್ಪನ ದನಿ ಏರಿತು. "ಹೇಳುದಾದ್ರೆ ಪೂರ್ತಿ ಹೇಳ್ಬೇಕು. ಹೇಳ್ಲಾ? ಧಣಿಗಳು ನಿನ್ನ ಹೆಗಲಿಗೆ ಕೈ ಹಾಕಿದ್ದು ಹೇಳ್ಲಾ?"

ನೋಣಯ್ಯ ತಲೆ ಎತ್ತಿದ.

"ಅದನ್ನು ನೀನು ಒಳಗೆ ಹೇಳ್ಲಿಲ್ಲ. ಒದ್ದೆ ಕೊಡೆ ಮಡಚಿ, ನಿನ್ನ ಹೆಗಲಿಗೆ ಕೈ ಹಾಕಿ, ನೀನುಂಟಲ್ಲ ನನಗೆ, ಅಂದ್ರು. ನಮ್ಮಂಥವರ ಹೆಗಲಿಗೆ ಯಾವ ಧಣಿ ಕೈ ಹಾಕಿದ್ದುಂಟು? ನಿನ್ನ ಮುಖ ನಾನು ನೋಡಿದ್ದೇನೆ ನೋಣಯ್ಯ. ಮದುಮಗನ ಹಾಗೆ ಇತ್ತು. ಎರಡು ದಿವಸ ಹೊಗೆ ಬೇಕು ಅಂತ ಗಟ್ಟಿ ಹಿಡಿದವ, ಆ ಕೈ ಬಿದ್ದದ್ದೇ, 'ದುಗ್ಗಪ್ಪ, ಸೌದೆ ತಾ' ಅಂದೆ. ಆಗೂದಿಲ್ಲ, ಕೆಳಗೆ ಹೋಗಿ ಅಂತ ಒಂದು ಮಾತು ಹೇಳಿದ್ರೆ ಅವರು ಇಳಿದು ಹೋಗ್ತಿದ್ರು. ಹೋಗ್ಲೇಬೇಕಿತ್ತು. ಕ್ರಮ ಹಾಗಿತ್ತಲ್ಲ? ಅದು ನಿನ್ನ ಜಾಗ."

ದೂರದಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು. ದುಗ್ಗಪ್ಪ ಬಿಲ್ಲೆಯನ್ನು ಸರಿಮಾಡಿಕೊಂಡ.

"ಬೆಂಗಳೂರಿನ ಟೂರಿಸ್ಟ್ ಪಾರ್ಟಿ. ತೋರಿಸ್ಲಿಕ್ಕೆ ನಾನು ಹೋಗ್ಬೇಕು. ನೀನು ಚಾ ಕುಡಿದು ಹೋಗು."

ನೋಣಯ್ಯ ಚಾ ಕುಡಿಯಲು ಹೋಗಲಿಲ್ಲ. ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟು ಭಟ್ಟಿಯ ಮೇಲೆ ಹತ್ತಿದ. ಕಾಲಿನಡಿ ನೆಲ ತಣ್ಣಗಿತ್ತು. ಅಲ್ಲಿ ನೆಲ ತಣ್ಣಗಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಸೌದೆ ಹಾಕುವ ತೂತುಗಳ ಕಬ್ಬಿಣದ ಮುಚ್ಚಳಗಳಿಗೆ ಕಪ್ಪು ಬಣ್ಣ ಬಳಿದು, ಬಿಳಿ ಅಂಕಿ ಬರೆದಿದ್ದರು. ಅವನ ಕಾಲದಲ್ಲಿ ಅಂಕಿಗಳಿರಲಿಲ್ಲ, ಬೇಕಿರಲಿಲ್ಲ.

ದುಗ್ಗಪ್ಪನ ಮಾತಿನಲ್ಲಿ ಎಲ್ಲಿಯಾದರೂ ತಪ್ಪು ಹುಡುಕಬಹುದೇ ಎಂದು ಅವನು ನೋಡಿದ. ಸಿಗಲಿಲ್ಲ. ಎಂಟು ವರ್ಷ ಅವನು ಕಾದದ್ದು ಆ ಸಾಕ್ಷಿಗೆ. ಸಾಕ್ಷಿ ಹೇಳಿ ಆಗಿತ್ತು.

ಇಪ್ಪತ್ತು ಇಪ್ಪತ್ತೈದು ಮಂದಿ ಬೂಟುಗಾಲಲ್ಲಿ ಮೇಲೆ ಬಂದರು. ದುಗ್ಗಪ್ಪ ಬಾಯಿಪಾಠ ಒಪ್ಪಿಸಿದ: ಹದಿನಾರು ಕೋಣೆ, ಆರದ ಬೆಂಕಿ, ಎದುರು ಮಾತಿಲ್ಲದ ಮೇಸ್ತ್ರಿ. ಹೆಂಗಸೊಬ್ಬರು, "ಓನರೂ ಪರ್ಮಿಶನ್ ಕೇಳಬೇಕಿತ್ತಾ? ಎಷ್ಟು ಗ್ರೇಟ್ ಅಲ್ವಾ!" ಎಂದರು. ಆಮೇಲೆ ದುಗ್ಗಪ್ಪ ಒಡೆದ ಒಂಬತ್ತು ಸಾವಿರ ಹಂಚಿನ ವಿಷಯವನ್ನು ಬೇಗ ಬೇಗ ಹೇಳಿ ಮುಗಿಸಿದ.

"ಆ ಮೇಸ್ತ್ರಿ ಈಗ ಎಲ್ಲಿದ್ದಾನೆ?" ಕ್ಯಾಮೆರಾ ಹಿಡಿದಿದ್ದವನು ಕೇಳಿದ.

ದುಗ್ಗಪ್ಪ ನೋಣಯ್ಯನ ಕಡೆ ಒಮ್ಮೆ ನೋಡಿ, ನೋಟ ತಿರುಗಿಸಿದ. "ಅವ ತೀರಿಹೋದ ಸಾರ್. ಆಗಲೇ."

"ಪಾಪ. ತಪ್ಪು ನಿಜವಾಗಿ ಅವನದ್ದೇನಾ, ಅಥವಾ ಸುಮ್ಮನೆ ಅವನ ತಲೆಗೆ ಕಟ್ಟಿದರಾ?"

ದುಗ್ಗಪ್ಪನ ಬಾಯಿಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

"ಅವನದ್ದೇ" ಎಂದ ನೋಣಯ್ಯ.

ಎಲ್ಲರೂ ಇತ್ತ ತಿರುಗಿದರು. "ನೀವು ಇಲ್ಲಿ ಕೆಲಸ ಮಾಡ್ತಿದ್ರಾ ಅಜ್ಜ? ಅವನನ್ನು ನೋಡಿದ್ರಾ?"

"ನೋಡಿದ್ದೇನೆ. ಅವನದ್ದೇ ತಪ್ಪು. ಬೋರ್ಡಿನಲ್ಲಿ ಸರಿಯಾಗಿ ಬರೆದಿದ್ದಾರೆ."

ಕ್ಯಾಮೆರಾದವನು ತಲೆಯಾಡಿಸಿ, ಚಿಮಿಣಿ ಪೂರ್ತಿ ಬರುವ ಹಾಗೆ ಎರಡು ಹೆಜ್ಜೆ ಹಿಂದೆ ಹೋದ. ಉಳಿದವರು ಸಾಲಾಗಿ ನಿಂತರು.

"ಅಜ್ಜ, ಸ್ವಲ್ಪ ಆ ಕಡೆ ಬರ್ತೀರಾ? ಅಡ್ಡ ಆಗ್ತದೆ."

ನೋಣಯ್ಯ ಆ ಕಡೆ ಸರಿದು ನಿಂತ.