ಎರಡು ತಾಸು ನಲವತ್ತು ನಿಮಿಷ

ಭಾನುವಾರ ಶಾಂಭವಿ ದಿಲ್ಲಿಯಿಂದ ಫೋನು ಮಾಡಿ ಕೇಳಿದ್ದಳು. “ಕಾಶಿ, ಅವ್ವ ಗಂಜಿನೂ ನುಂಗವಲ್ಲಳು ಅಂತೀ. ಈಗ ಹೊಂಡ್ಲೇನು?”

ಅವಳು ಅಲ್ಲಿ ದವಾಖಾನೆಯಲ್ಲಿ ನರ್ಸು; ರಜೆ ಸಿಗುವುದು ಕಷ್ಟ. ತಮ್ಮ ಕಾಶಿನಾಥ ಊರು ಯರಗುಪ್ಪಿಯಲ್ಲೇ ಗಣಿತದ ಮಾಸ್ತರ. ಮೊಬೈಲಿನಲ್ಲಿ ನೋಡಿಯೇ ಉತ್ತರ ಕೊಟ್ಟಿದ್ದ.

“ಹುಬ್ಬಳ್ಳಿಗೆ ವಿಮಾನದಾಗ ಎರಡ ತಾಸು ನಲವತ್ತ ನಿಮಿಷ ಅಕ್ಕಾ. ಯರಗುಪ್ಪಿಂದ ಬೆಳಗಾವಿಗೆ ಬಸ್ಸಿಗೆ ಹೋದ್ರ ಅದಕ್ಕಿಂತ ಜಾಸ್ತಿ ಆಕ್ಕೇತಿ. ಸುಮ್ಮ ರಜಾ ಹಾಳ ಮಾಡ್ಕೋಬ್ಯಾಡ. ನಾ ಹೇಳಿದಾಗ ಹೊಂಡು.”

ಬುಧವಾರ ನಸುಕಿನಲ್ಲಿ ಅವರ ಅವ್ವ ಸುಶೀಲವ್ವ ತೀರಿಕೊಂಡಳು.

ಮೈ ಸೆಟೆಯುವ ಮೊದಲೇ ಅವಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ತಲೆ ವಾಲದಂತೆ ಗಲ್ಲದಡಿ ಬಟ್ಟೆ ಹಾಯಿಸಿ ಮೊಳೆಗೆ ಬಿಗಿದು, ಹಣೆತುಂಬ ವಿಭೂತಿ ಹಚ್ಚಿದರು. ಭಜನೆಯವರು ಬಂದು ಕೂತರು.

“ಶಾಂಭವಿ ಎಷ್ಟೊತ್ತಿಗೆ ಮುಟ್ಟತಾಳೋ?” ಕಾಕಾ ಮಡಿವಾಳೆಪ್ಪ ಕೇಳಿದ.

“ಮೂರ ತಾಸಿನ ಹಾದಿ ರೀ ಕಾಕಾ. ಮಧ್ಯಾಹ್ನದ ಒಳಗ ಬರ್ತಾಳ,” ಎಂದ ಕಾಶಿನಾಥ.

“ಹಂಗಾದ್ರ ತಡಿಯೂಣು. ಹೊತ್ತು ಮುಳುಗೂದ್ರಾಗ ಮಣ್ಣಾದ್ರಾತು.”

ಆ ದಿನ ನೇರ ವಿಮಾನವೇ ಇರಲಿಲ್ಲ. ಬೆಂಗಳೂರಿನ ಮೇಲೆ ಬರಬೇಕು, ಅಲ್ಲಿ ಕಾಯಬೇಕು. ಹನ್ನೊಂದಾದರೂ ಅವಳು ದಿಲ್ಲಿ ಬಿಟ್ಟಿರಲಿಲ್ಲ. ಮಕ್ಕಳಿಗೆ ದೂರ, ವೇಗ, ಕಾಲದ ಲೆಕ್ಕ ಬಿಡಿಸಿ ತೋರಿಸುವ ಕಾಶಿನಾಥ ನೇರ ವಿಮಾನ ಯಾವ ಯಾವ ದಿನ ಇದೆಯೆಂದು ನೋಡಿರಲಿಲ್ಲ.

ಮೂರಕ್ಕೆ ಮಳೆ ಹಿಡಿಯಿತು. ಕುಣಿ ತೋಡಿದ್ದ ಫಕೀರೇಶ ತೊಯ್ಸಿಕೊಂಡು ಬಂದ. “ನೀರು ಜಿನಗಾಕ ಹತ್ತೇತ್ರಿ ಯಜಮಾನ್ರ. ಎರಿ ಮಣ್ಣು. ಬದಿ ಕುಸದ್ರ ಅವ್ವಾರನ್ನ ಒಳಗ ಕೂಡ್ಸಾಕ ಬರೂದಿಲ್ಲ.”

“ಏನೋ ಮಾಸ್ತರ, ನಿನ್ನ ಮೂರ ತಾಸು ಎಷ್ಟ ಉದ್ದ ಅದಾವೋ?” ಎಂದ ಮಡಿವಾಳೆಪ್ಪ. ಯಾರೋ ನಕ್ಕರು. ಭಾನುವಾರದ ಮಾತನ್ನು ಕಾಶಿನಾಥ ಯಾರಿಗೂ ಹೇಳಿರಲಿಲ್ಲ.

ಐದಕ್ಕೆ ಫೋನು ಬಂತು. “ಹುಬ್ಬಳ್ಳ್ಯಾಗ ಇಳದೇನಿ. ಅವ್ವನ ಮುಖಾ ಮುಚ್ಚಬ್ಯಾಡ್ರಿ.”

ಅವಳು ಬರುವಷ್ಟರಲ್ಲಿ ಒಯ್ದಿಟ್ಟುಕೊಂಡಿರೋಣವೆಂದು ಹೆಣವನ್ನು ಕುಣಿಯ ದಂಡೆಗೆ ತಂದರು. ಆರಕ್ಕೆ ಮತ್ತೆ ಫೋನು.

“ಕಾಶಿ, ಹಳ್ಳ ಬಂದೇತಿ. ರಸ್ತಾದ ಮ್ಯಾಲೆ ಎದಿಮಟ ನೀರು. ಡ್ರೈವರ್ ಒಲ್ಲೆ ಅಂತಾನ. ಇನ್ನ ಎಷ್ಟ ದೂರೋ?”

“ಅರ್ಧ ಕಿಲೋಮೀಟರ ಅಕ್ಕಾ.”

ಅಷ್ಟರಲ್ಲಿ ಕುಣಿಯ ಒಂದು ಬದಿ ಕಳಚಿ ಬಿತ್ತು. ಎಲ್ಲರೂ ಕಾಶಿನಾಥನ ಕಡೆ ನೋಡಿದರು.

“ಇಳಸ್ರಿ,” ಎಂದ ಕಾಶಿನಾಥ. ತಾನೇ ಕುಣಿಯಲ್ಲಿಳಿದು ಅವ್ವನನ್ನು ಉಳಿದ ಬದಿಯಲ್ಲಿ ಕೊರೆದಿದ್ದ ಗೂಡಿನಲ್ಲಿ ಕೂಡಿಸಿದ.

ಮುಗಿಸಿ ಹಳ್ಳದ ದಂಡೆಗೆ ಓಡಿದ. ಆಚೆ ಕಾರಿನ ದೀಪದ ಮುಂದೆ ಶಾಂಭವಿ ಸೆರಗು ಬಿಗಿದು ನಿಂತಿದ್ದಳು. ಅವಳು ಕೂಗಿದ್ದು ನೀರಿನ ಸಪ್ಪಳದಲ್ಲಿ ಕೇಳಲಿಲ್ಲ. ಅವನು ಎರಡೂ ಕೈ ಎತ್ತಿದ. ಮೊಣಕೈತನಕ ಮೆತ್ತಿದ್ದ ಕರಿಮಣ್ಣು ದೀಪದ ಬೆಳಕಿಗೆ ಕಂಡಿತು. ಅವಳು ರಸ್ತೆಯ ಮೇಲೆಯೇ ಕುಸಿದು ಕೂತಳು.

ಸ್ವಲ್ಪ ಹೊತ್ತಿಗೆ ಅವನ ಕಿಸೆಯಲ್ಲಿ ಫೋನು ಅಲುಗಿತು.

“ಭಾನುವಾರ ಕೇಳಿದ್ನೆಲ್ಲೋ, ಕಾಶಿ,” ಎಂದಳು.

ಅವಳು ಫೋನು ಇಟ್ಟ ಮೇಲೂ ಅವನು ತನ್ನದನ್ನು ಕಿವಿಯಿಂದ ತೆಗೆಯಲಿಲ್ಲ.