ಹಿಂದಕ್ಕೆ ಹನ್ನೊಂದು ಸುತ್ತು

ಸಿರುಗುಪ್ಪದಲ್ಲಿರುವ ಸೋದರಮಾವ ಹಾಲಸಿದ್ದಪ್ಪ, ತನ್ನ ರೈಸ್ ಮಿಲ್ಲಿನಲ್ಲಿ ಅಕ್ಕಿ ಮುರಿದು ನುಚ್ಚು ಹೆಚ್ಚಾಗುತ್ತಿದೆ ಎಂದಾಗ, ಶಾಂಭವಿಗೆ ಅನುಮಾನ ಬಂದದ್ದು ಶಾಫ್ಟಿನ ವೇಗದ ಮೇಲೆ. ಮೋಟರಿನ ಓಟವನ್ನು ಬೆಲ್ಟುಗಳ ಮೂಲಕ ಎಲ್ಲ ಯಂತ್ರಗಳಿಗೂ ಹಂಚುವ ಹಳೆಯ ಕಬ್ಬಿಣದ ದಂಡ ಅದು. ಬಳ್ಳಾರಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಅವಳು, ಅದರ ಸುತ್ತು ಎಣಿಸುವ ಸಾಧನವನ್ನು ಸತ್ಯನಾರಾಯಣಪೇಟೆಯ ಮನೆಯಲ್ಲಿ ತಾನೇ ಮಾಡಿದಳು. ಶಾಫ್ಟಿಗೆ ಅಂಟಿಸಲು ಒಂದು ಸಣ್ಣ ಅಯಸ್ಕಾಂತ. ಅದು ಹಾದುಹೋಗುವುದನ್ನು ಗುರುತಿಸಲು ಕೆಟ್ಟ ಕಂಪ್ಯೂಟರ್ ಫ್ಯಾನುಗಳಿಂದ ಬಿಚ್ಚಿದ ಎರಡು ಸೆನ್ಸರ್. ಯಾವ ಸೆನ್ಸರ್ ಮೊದಲು ಗುರುತಿಸಿತು ಎಂಬುದರ ಮೇಲೆ ಶಾಫ್ಟ್ ಮುಂದಕ್ಕೆ ತಿರುಗಿತೋ ಹಿಂದಕ್ಕೋ ಗೊತ್ತಾಗುತ್ತಿತ್ತು.

ಅದನ್ನು ಮಿಲ್ಲಿನಲ್ಲಿ ಕೂರಿಸಿ, ವಾರ ಬಿಟ್ಟು ಬಂದು, ಅದು ಬರೆದಿಟ್ಟ ಪಟ್ಟಿಯನ್ನು ಮೊಬೈಲಿಗೆ ಇಳಿಸಿಕೊಂಡು ನೋಡಿದಳು. ವೇಗ ಇಳಿಯುತ್ತಿದ್ದುದು ನಿಜ, ಬೆಲ್ಟ್ ಸಡಿಲಾಗಿತ್ತು. ಆದರೆ ದಿನಾ ಮಧ್ಯಾಹ್ನ ಒಂದೂಕಾಲಕ್ಕೆ, ಮಿಲ್ಲು ನಿಲ್ಲಿಸಿ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಶಾಫ್ಟ್ ಹಿಂದಕ್ಕೆ ಹನ್ನೊಂದು ಸುತ್ತು ತಿರುಗಿತ್ತು. ಏಳು ದಿನವೂ ಹನ್ನೊಂದೇ.

ನಿಲ್ಲುವಾಗ ಬೆಲ್ಟಿನ ಎಳೆತಕ್ಕೆ ಅರ್ಧ ಸುತ್ತು ಹಿಂದೆ ಸರಿಯಬಹುದು, ಹನ್ನೊಂದು ಹೇಗೆ? ಮರುದಿನ ಊಟಕ್ಕೆ ಹೋಗದೆ ಚೀಲಗಳ ಮರೆಯಲ್ಲಿ ನಿಂತಳು.

ಕಸ ಗುಡಿಸುವ ಮುದುಕಿ ಜಡೆಮ್ಮ ಬಂದಳು. ಪೊರಕೆ ಒರಗಿಸಿಟ್ಟು, ಶಾಫ್ಟಿನ ದೊಡ್ಡ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಣಿಸುತ್ತ ಹಿಂದಕ್ಕೆ ತಿರುಗಿಸತೊಡಗಿದಳು.

ಶಾಂಭವಿಗೆ ನಗು ಬರುವಷ್ಟು ಹಗುರಾಯಿತು. "ಯಾಕಜ್ಜಿ, ಅದನ್ನ ಹಿಂದಕ್ಕ ತಿರುವಾಕ ಹತ್ತೀರಿ?"

ಜಡೆಮ್ಮ ಬೆಚ್ಚಲಿಲ್ಲ. "ನನ್ನ ಗಂಡ ಮೈಲಾರಪ್ಪ ಇದ್ರಾಗ ಸಿಕ್ಕೊಂಡಿದ್ದ ಯವ್ವಾ. ಹೆಗಲ ಮ್ಯಾಲಿನ ಟವೆಲ್ ಸುತ್ತಿ ಎಳಕೊಂಡುಬಿಡ್ತು. ಹಿಂದಕ್ಕ ಹನ್ನೊಂದು ಸುತ್ತು ತಿರುವಿ ಬಿಡಿಸಿದ್ರು. ಅಷ್ಟರಾಗ ಜೀವ ಹೋಗಿತ್ತು. ಅವತ್ತು ನಾ ಹೊಲದಾಗಿದ್ದೆ. ಅದಕ್ಕ ಈಗ ತಿರುವ್ತೀನಿ. ಇಪ್ಪತ್ತು ವರ್ಷ ಆತು."

"ದಿನಾ?"

"ದಿನಾ. ಹ್ವಾದ ವಾರ ನಾಕು ದಿನ ತಪ್ತು ನೋಡು. ತೆಕ್ಕಲಕೋಟಿಗೆ ಮಗಳ ಮನಿಗೆ ಹೋಗಿದ್ದೆ."

ಶಾಂಭವಿ ಮೊಬೈಲಿನಲ್ಲಿದ್ದ ಪಟ್ಟಿಯನ್ನು ಮತ್ತೆ ತೆರೆದಳು. ಆ ನಾಲ್ಕು ದಿನಗಳ ಎದುರಿಗೂ ಹನ್ನೊಂದು. ಮುಚ್ಚಿಡಲಾಗದೆ ಹೇಳಿಬಿಟ್ಟಳು.

"ಯಾವ ಕಡೀಗೆ ತಿರುಗೈತಿ?" ಎಂದಳು ಜಡೆಮ್ಮ.

"ಹಿಂದಕ್ಕ."

ಮುದುಕಿ ಗಾಲಿ ಬಿಟ್ಟು ನೆಲಕ್ಕೆ ಕೂತಳು. "ಹಂಗಾದ್ರ ನಾ ಇಲ್ಲದ ದಿನ ತಾನ ಬಿಡಿಸ್ಕೊಳ್ಳಾಕ ಹತ್ಯಾನ."

ಮರುದಿನ ಇಬ್ಬರೂ ಶಾಫ್ಟಿನ ಎದುರು ಕೈಕಟ್ಟಿ ಕುಳಿತರು. ಶಾಂಭವಿ ಬೆಲ್ಟುಗಳನ್ನೆಲ್ಲ ಕಳಚಿಸಿದ್ದಳು. ಒಂದೂಕಾಲಕ್ಕೆ ಬೇರಿಂಗು ಕಿರುಗುಟ್ಟಿತು. ಗಾಲಿ ಹಿಂದಕ್ಕೆ ತಿರುಗಿತು. ಅರ್ಧಕ್ಕೆ ನಿಂತಿತು, ಮತ್ತೆ ತಿರುಗಿತು, ಯಾರೋ ದಣಿದು ಹಿಡಿತ ಬದಲಿಸುತ್ತಿರುವ ಹಾಗೆ. ಹನ್ನೊಂದಾದ ಮೇಲೆ ಸುಮ್ಮನಾಯಿತು.

ಜಡೆಮ್ಮ ಎದ್ದು ಹೋಗಿ ಶಾಫ್ಟಿನ ಮೇಲೆ ಕೈಯಿಟ್ಟಳು. "ನಿನ್ನ ಅವತ್ತೇ ಬಿಡಿಸ್ಯಾರೋ. ನಾನ ಮಣ್ಣು ಮಾಡಿ ಬಂದೀನಿ. ಸಾಕಿನ್ನ, ಮನಿಗೆ ನಡಿ," ಎಂದು ಹೇಳಿ, ತಿರುಗಿ ನೋಡದೆ ಗೇಟು ದಾಟಿ ಹೋದಳು.

ಅಂದಿನಿಂದ ಶಾಫ್ಟ್ ತಾನಾಗಿ ಕದಲಲಿಲ್ಲ. ಜಡೆಮ್ಮನೂ ಕೆಲಸಕ್ಕೆ ಬರಲಿಲ್ಲ. ಎಂಟು ದಿನದ ಮೇಲೆ ಶಾಂಭವಿ ಅವಳ ಮನೆ ಹುಡುಕಿಕೊಂಡು ಹೋದಳು. ಮುದುಕಿ ಒಬ್ಬಳೇ ಇರುತ್ತಾಳೆಂದು ಓಣಿಯವರು ದಾರಿ ತೋರಿಸಿದರು. ಬಾಗಿಲಿಗೆ ಬಂದ ಜಡೆಮ್ಮನ ಮುಖ ಗೆಲುವಾಗಿತ್ತು. ಹೊಸ್ತಿಲಲ್ಲೇ ಅಡ್ಡ ನಿಂತು, ದನಿ ತಗ್ಗಿಸಿ ಅಂದಳು:

"ಒಳಗ ಬರಬ್ಯಾಡ ಯವ್ವಾ. ಈಗಷ್ಟ ಕಣ್ಣು ಹತ್ಯಾವ ಅವಂಗ."